ಕಡಲು ಕಾಣದ ನೌಕಾನೆಲೆ

ಅಮೆರಿಕದ ನಕ್ಷೆ ಬಿಡಿಸಿಟ್ಟುಕೊಂಡು ಅಲ್ಲಿನ ನೌಕಾನೆಲೆಗಳನ್ನು ಹುಡುಕಲು ಹೊರಟವರ ಬೆರಳು ಸಹಜವಾಗಿಯೇ ಅಂಚುಗಳಲ್ಲಿ ಓಡಾಡುತ್ತದೆ. ಪೂರ್ವದಲ್ಲಿ ನಾರ್‌ಫೋಕ್, ಪಶ್ಚಿಮದಲ್ಲಿ ಸ್ಯಾನ್ ಡಿಯಾಗೊ, ಶಾಂತಸಾಗರದ ನಡುವೆ ಪರ್ಲ್ ಹಾರ್ಬರ್. ನಕ್ಷೆಯ ನಡುಭಾಗದತ್ತ ಬೆರಳು ಹೋಗುವುದೇ ಇಲ್ಲ. ಆದರೆ ವಿಸ್ತೀರ್ಣದಲ್ಲಿ ಜಗತ್ತಿನ ಮೂರನೆಯ ದೊಡ್ಡ ನೌಕಾನೆಲೆ ಎಂದು ಹೆಸರಾದ ಕ್ರೇನ್ ಇರುವುದು ಆ ನಡುಭಾಗದಲ್ಲೇ, ಇಂಡಿಯಾನಾ ರಾಜ್ಯದ ದಕ್ಷಿಣದ ಗುಡ್ಡಗಾಡಿನಲ್ಲಿ! ಪೂರ್ವದ ಅಟ್ಲಾಂಟಿಕ್ ಆಗಲಿ, ದಕ್ಷಿಣದ ಮೆಕ್ಸಿಕೊ ಕೊಲ್ಲಿಯಾಗಲಿ ಅಲ್ಲಿಂದ ಒಂಬೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೆಚ್ಚುಕಡಿಮೆ ಬೆಂಗಳೂರಿನಿಂದ ಮುಂಬೈಗೆ ಇರುವಷ್ಟು. ಹಡಗು ಬರಲು ದಾರಿಯಿಲ್ಲ, ಕಟ್ಟಲು ಧಕ್ಕೆಯಿಲ್ಲ. ಆದರೂ ನಡುಸಮುದ್ರದಲ್ಲಿ ಕ್ಷಿಪಣಿ ಎದುರಾದ ಹಡಗಿನ ಅಳಿವು ಉಳಿವು ಎಷ್ಟೋ ಸಲ ಈ ಒಣನೆಲದ ಊರಿನಲ್ಲಿ ನಡೆದ ಕೆಲಸದ ಮೇಲೆ ನಿಂತಿರುತ್ತದೆ.

ಇಂಡಿಯಾನಾಪೊಲಿಸ್ ನಗರದಿಂದ ನೈಋತ್ಯಕ್ಕೆ ಹೊರಟ ಪ್ರಯಾಣಿಕನಿಗೆ ಮೊದಮೊದಲು ಕಾಣುವುದು ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಸಮತಟ್ಟು ಹೊಲಗಳು. ಬ್ಲೂಮಿಂಗ್ಟನ್ ಹತ್ತಿರವಾದಂತೆ ನೆಲ ಏರಿಳಿಯತೊಡಗುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಊರು ಅದು. ಸುತ್ತಮುತ್ತ ಸುಣ್ಣಕಲ್ಲಿನ ಗಣಿಗಳು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಗೆ ಹೊದಿಸಿದ ಕಲ್ಲು ಈ ಸೀಮೆಯದೇ. ಅಲ್ಲಿಂದ ಮುಂದಕ್ಕೆ ಕ್ರೇನ್ ಸುಮಾರು ನಲವತ್ತು ಕಿಲೋಮೀಟರು. ಈಗ ಅಗಲವಾದ ಹೆದ್ದಾರಿ ಇದೆ. ಅದು ದಕ್ಷಿಣದ ಕಡೆಯಿಂದ ಕ್ರೇನ್ ಮುಟ್ಟಿದ್ದು 2012ರಲ್ಲಿ, ಬ್ಲೂಮಿಂಗ್ಟನ್ ಕಡೆಗೆ ಕೂಡಿಕೊಂಡದ್ದು 2015ರಲ್ಲಿ. ಅದಕ್ಕೆ ಮೊದಲು ಈ ನೆಲೆಗೆ ಹೋಗುವವರಿಗೆ ಗುಡ್ಡ ಬಳಸುವ ಹಳ್ಳಿದಾರಿಗಳೇ ಗತಿಯಾಗಿದ್ದವು.

ನೆಲೆಯ ಪಶ್ಚಿಮಕ್ಕಿರುವ ಡೇವಿಸ್ ಕೌಂಟಿಯಲ್ಲಿ ಆಮಿಷ್ ಪಂಗಡದ ಕ್ರೈಸ್ತರ ದೊಡ್ಡ ವಸತಿ ಇದೆ. ಮನೆಗೆ ವಿದ್ಯುತ್ ಕಂಬದಿಂದ ತಂತಿ ಎಳೆಸಿಕೊಳ್ಳದ, ಕಾರು ಇಟ್ಟುಕೊಳ್ಳದ ಜನ ಇವರು. ರಸ್ತೆಯ ಅಂಚಿನಲ್ಲಿ ಅವರ ಕುದುರೆಗಾಡಿಗಳು ಟಕಟಕ ಸದ್ದು ಮಾಡುತ್ತ ಸಾಗುತ್ತಿರುತ್ತವೆ. ವಿದ್ಯುತ್ತನ್ನೇ ಬೇಡವೆಂದವರ ಹೊಲಗಳ ಮಗ್ಗುಲಲ್ಲೇ, ಬೇಲಿಯಾಚೆ, ರೇಡಾರ್ ಅಲೆಗಳನ್ನು ಅಳೆಯುವ ಪ್ರಯೋಗಾಲಯಗಳು! ನೆಲೆಗೆ ಹೆಸರು ಹಂಚಿಕೊಂಡಿರುವ ಕ್ರೇನ್ ಎಂಬ ಊರಿನಲ್ಲಿ ಇರುವವರು ಇನ್ನೂರರ ಆಚೀಚೆ ಜನ. ನಮ್ಮ ಮಲೆನಾಡಿನ ಒಂದು ಸಣ್ಣ ಮಜರೆ ಎನ್ನಬಹುದು. ಆದರೆ ಬೇಲಿಯೊಳಗಿನ ಜಾಗ ನೂರು ಚದರ ಮೈಲಿ. ಅಲ್ಲಿಗೆ ಕೆಲಸವಿಲ್ಲದವರಿಗೆ, ಪರವಾನಗಿ ಇಲ್ಲದವರಿಗೆ ಪ್ರವೇಶವಿಲ್ಲ.

ಸಮುದ್ರ ಬಿಟ್ಟು ಇಷ್ಟು ದೂರ ನೌಕಾಪಡೆ ಬಂದುದಾದರೂ ಏಕೆ? ಉತ್ತರ ಸರಳ. ದೂರ ಬೇಕಾಗಿತ್ತು, ಅದಕ್ಕೇ ಬಂತು. ಎರಡನೇ ಮಹಾಯುದ್ಧದ ಬಿಸಿ ಅಮೆರಿಕಕ್ಕೆ ತಟ್ಟುವ ಸೂಚನೆ ಕಂಡಾಗ ಸಿಡಿಮದ್ದು ತುಂಬಿಡಲು ಶತ್ರುವಿನ ವಿಮಾನ, ಹಡಗು ಮುಟ್ಟದಂಥ ಒಳನಾಡು ಬೇಕಾಯಿತು. ಈ ಭಾಗದ ನೆಲ ಬೇಸಾಯಕ್ಕೆ ಅಷ್ಟಕ್ಕಷ್ಟೆ. 1930ರ ದಶಕದಲ್ಲಿ ಸರಕಾರ ಸವಕಲು ಜಮೀನುಗಳನ್ನು ಕೊಂಡು, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಯೋಜನೆಯಲ್ಲಿ ಅಣೆಕಟ್ಟು ಹಾಕಿ ಗ್ರೀನ್‌ವುಡ್ ಸರೋವರ ಮಾಡಿತ್ತು. 1941ರ ಡಿಸೆಂಬರ್ 1ರಂದು ಅಲ್ಲಿ ಮದ್ದುಗುಂಡಿನ ಉಗ್ರಾಣ ಆರಂಭವಾಯಿತು. ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿ ನಡೆದದ್ದು ಆರೇ ದಿನದ ಮೇಲೆ. 1943ರಲ್ಲಿ ಉಗ್ರಾಣಕ್ಕೆ ಹಿಂದಿನ ಶತಮಾನದ ಕಮೊಡೋರ್ ವಿಲಿಯಂ ಕ್ರೇನ್ ಅವರ ಹೆಸರಿಟ್ಟರು. ನೌಕಾಪಡೆಯ ಶಸ್ತ್ರಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರು ಅವರು. ಹೆಸರು ಕೇಳಿ ಭಾರ ಎತ್ತುವ ಕ್ರೇನ್ ಯಂತ್ರವನ್ನು ನೆನೆಯುವವರೇ ಹೆಚ್ಚು.

ಮಣ್ಣು ಮುಚ್ಚಿ ಹುಲ್ಲು ಬೆಳೆಸಿದ ಸಾಲುಸಾಲು ಮದ್ದಿನ ಕೋಣೆಗಳು, ನಡುವೆ ಹಾದುಹೋಗುವ ರೈಲುಹಳಿ, ದಟ್ಟ ಕಾಡು, ಅದರಲ್ಲಿ ಜಿಂಕೆ. ಒಕ್ಕಲೆದ್ದು ಹೋದ ರೈತ ಕುಟುಂಬಗಳ ಹಳೆಯ ಸ್ಮಶಾನಗಳೂ ಆ ಬೇಲಿಯೊಳಗೇ ಉಳಿದಿವೆ. ಮದ್ದುಗುಂಡಿನ ಕೆಲಸ 1977ರಲ್ಲಿ ಭೂಸೇನೆಯ ಕೈಗೆ ಹೋಯಿತು, ಈಗಲೂ ಅಲ್ಲೇ ನಡೆಯುತ್ತದೆ. ನೌಕಾಪಡೆಗೆ ಉಳಿದದ್ದು ಪರೀಕ್ಷೆ ಮಾಡುವ ವಿದ್ಯೆ. ಮದ್ದಿನ ಗುಣಮಟ್ಟ ನೋಡಲು ಹುಟ್ಟಿಕೊಂಡ ಪ್ರಯೋಗಾಲಯಗಳು ಕ್ರಮೇಣ ಬ್ಯಾಟರಿ ಪರೀಕ್ಷಿಸಿದವು, ಎಲೆಕ್ಟ್ರಾನಿಕ್ ಬಿಡಿಭಾಗ ಪರೀಕ್ಷಿಸಿದವು, ಮೈಕ್ರೋವೇವ್ ಟ್ಯೂಬುಗಳನ್ನು ಪರೀಕ್ಷಿಸಿದವು. ಹಾಗೆ ಬೆಳೆದ ಕೇಂದ್ರದಲ್ಲಿ ಈಗ ಮೂರು ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಾರೆ. ಸಮವಸ್ತ್ರ ತೊಟ್ಟವರು ಅವರಲ್ಲಿ ತೀರ ಕಡಿಮೆ. ಉಳಿದವರೆಲ್ಲ ವಿಜ್ಞಾನಿಗಳು, ಎಂಜಿನಿಯರುಗಳು, ಬೆಸುಗೆಕಡ್ಡಿ ಹಿಡಿದ ತಂತ್ರಜ್ಞರು. ಹಡಗುಗಳ ಎಲೆಕ್ಟ್ರಾನಿಕ್ ಸಮರದ ಉಪಕರಣಗಳಿಗೆ ವೈದ್ಯರೂ ಅವರೇ, ಔಷಧದ ಅಂಗಡಿಯವರೂ ಅವರೇ.

ಕತ್ತಲಲ್ಲಿ ಬ್ಯಾಟರಿ ಹಿಡಿದವನು

ಎಲೆಕ್ಟ್ರಾನಿಕ್ ಸಮರ ಎಂಬ ಮಾತು ಕೇಳಿದರೆ ಏನೋ ಮಾಯಾಜಾಲ ಎನಿಸುತ್ತದೆ. ತತ್ವ ಮಾತ್ರ ಹಳ್ಳಿಯ ಕತ್ತಲದಾರಿಯಲ್ಲಿ ನಡೆದವರಿಗೆಲ್ಲ ಗೊತ್ತಿರುವಂಥದ್ದೇ. ಬ್ಯಾಟರಿ ಬೆಳಕು ಬಿಟ್ಟುಕೊಂಡು ಬರುವವನಿಗೆ ಹತ್ತಿಪ್ಪತ್ತು ಮಾರು ದೂರದ ವಸ್ತು ಕಾಣಬಹುದು. ಆದರೆ ಅವನ ಬ್ಯಾಟರಿ ಮೈಲಿಯಾಚೆ ಇರುವವರಿಗೂ ಕಾಣುತ್ತದೆ. ಬೆಳಕು ವಸ್ತುವಿಗೆ ತಾಗಿ ಮರಳಿ ಬರಬೇಕಾದರೆ ಎರಡು ಪಯಣ. ನೋಡುವವನ ಕಣ್ಣಿಗೆ ಬೀಳಲು ಒಂದೇ ಪಯಣ ಸಾಕು. ರೇಡಾರ್ ಕೂಡ ಇಂಥದೇ ಬ್ಯಾಟರಿ. ಅಲೆ ಕಳಿಸಿ ಮಾರ್ದನಿಗೆ ಕಾಯುತ್ತದೆ. ಆ ಅಲೆಯನ್ನು ಸುಮ್ಮನೆ ಕಿವಿಗೊಟ್ಟು ಆಲಿಸುವ ಹಡಗಿಗೆ, ರೇಡಾರಿನವನಿಗೆ ತಾನು ಕಾಣುವ ಮೊದಲೇ ಅವನಿರುವುದು ತಿಳಿದುಹೋಗುತ್ತದೆ.

ಬರೇ ಇರುವುದು ತಿಳಿದರೆ ಸಾಲದು, ಯಾರು ಎಂದೂ ತಿಳಿಯಬೇಕು. ಊರಿನ ಬಸ್ಸು ತಿರುವಿನಾಚೆ ಹಾರ್ನ್ ಮಾಡಿದರೆ ಇದು ಯಾವ ಬಸ್ಸು ಎಂದು ಮನೆಯಲ್ಲಿ ಕುಳಿತೇ ಹೇಳುವವರುಂಟು. ಪ್ರತಿಯೊಂದು ರೇಡಾರಿಗೂ ಅಂಥ ಗುರುತು ಇರುತ್ತದೆ. ಅದರ ಅಲೆಯ ಆವರ್ತನ, ಒಂದೊಂದು ಮಿಡಿತದ ಅವಧಿ, ಎರಡು ಮಿಡಿತಗಳ ನಡುವಿನ ಅಂತರ. ಇವುಗಳ ಪಟ್ಟಿಯೊಂದು ಕಂಪ್ಯೂಟರಿನಲ್ಲಿರುತ್ತದೆ. ಬಂದ ಅಲೆಯನ್ನು ಪಟ್ಟಿಯೊಡನೆ ಹೋಲಿಸಿ, ಇದು ಮೀನುದೋಣಿಯದು, ಇದು ವಿಮಾನದ್ದು, ಇದು ಕ್ಷಿಪಣಿಯ ಮೂತಿಯಲ್ಲಿರುವುದು ಎಂದು ಯಂತ್ರ ಹೇಳಬೇಕು. ಬಂದದ್ದು ಕ್ಷಿಪಣಿಯೇ ಆದರೆ ಅದನ್ನು ದಾರಿ ತಪ್ಪಿಸಬೇಕು. ಒಂದು ಉಪಾಯ ಸುಳ್ಳು ಅಲೆಗಳನ್ನು ಕಳಿಸಿ ಅದರ ರೇಡಾರನ್ನು ಗಲಿಬಿಲಿಗೊಳಿಸುವುದು. ಇನ್ನೊಂದು, ಅಲ್ಯೂಮಿನಿಯಂ ಲೇಪಿಸಿದ ಕೂದಲೆಳೆಯಂಥ ಗಾಜಿನ ನಾರುಗಳನ್ನು ಗಾಳಿಗೆ ತೂರಿ ಸುಳ್ಳು ಹಡಗೊಂದನ್ನು ಸೃಷ್ಟಿಸುವುದು. ಇಂಗ್ಲಿಷಿನಲ್ಲಿ ಇದನ್ನು ಚ್ಯಾಫ್ ಎನ್ನುತ್ತಾರೆ. ಅಂದರೆ ಹೊಟ್ಟು! ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಆ ಹೆಸರಿನ ಸೊಗಸು ಹೇಳಬೇಕಿಲ್ಲ.

ಇದನ್ನೆಲ್ಲ ಮಾಡಲು ಇರುವ ಸಮಯ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಭೂಮಿ ಗುಂಡಗಿರುವುದರಿಂದ ದಿಗಂತದಾಚೆಯದು ಹಡಗಿನ ರೇಡಾರಿಗೆ ಕಾಣದು. ನೀರಿನ ಮೇಲೆ ಐದು ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ, ಇಪ್ಪತ್ತು ಮೀಟರ್ ಎತ್ತರದ ಆಂಟೆನಾಕ್ಕೆ ಕಾಣತೊಡಗುವುದು ಸುಮಾರು 28 ಕಿಲೋಮೀಟರ್ ದೂರದಿಂದ. ಶಬ್ದಕ್ಕಿಂತ ತುಸು ಕಡಿಮೆ ವೇಗದ, ಸೆಕೆಂಡಿಗೆ ಸುಮಾರು 300 ಮೀಟರ್ ಸಾಗುವ ಕ್ಷಿಪಣಿಗೆ ಅಷ್ಟು ದೂರ ಕ್ರಮಿಸಲು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲಿ ಗುರುತಿಸಿ, ತೀರ್ಮಾನಿಸಿ, ಎದುರಿಸಿ ಮುಗಿಯಬೇಕು. ಉಪಕರಣ ಕೆಟ್ಟಿದ್ದರೆ ರಿಪೇರಿಗೆ ಆಗ ಪುರಸೊತ್ತಿಲ್ಲ.

ಈ ಪಾಠವನ್ನು ಜಗತ್ತಿಗೆ ಕಲಿಸಿದ್ದು 1967ರ ಅಕ್ಟೋಬರ್ 21. ಈಜಿಪ್ಟಿನ ಪೋರ್ಟ್ ಸೈದ್ ಬಂದರಿನಲ್ಲಿದ್ದ ಸಣ್ಣ ದೋಣಿಗಳು ಸೋವಿಯತ್ ನಿರ್ಮಿತ ಸ್ಟಿಕ್ಸ್ ಕ್ಷಿಪಣಿ ಹಾರಿಸಿ ಇಸ್ರೇಲಿನ ಐಲಾತ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. 47 ಮಂದಿ ಸತ್ತರು. ಆ ಸ್ಟಿಕ್ಸ್ ಮನೆತನದ ಕ್ಷಿಪಣಿ ಹೊರುವ ದೋಣಿಯೊಂದನ್ನು ನಮ್ಮ ಮಕ್ಕಳೂ ನೋಡಿದ್ದಾರೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಐಎನ್‌ಎಸ್ ಚಪಲ ಅಂಥದೇ. 1971ರ ಡಿಸೆಂಬರಿನಲ್ಲಿ ಭಾರತದ ನೌಕಾಪಡೆ ಕರಾಚಿಯ ಮೇಲೆ ಎರಗಿದ್ದೂ ಇದೇ ಕ್ಷಿಪಣಿ ಹಿಡಿದು. (ಚಪಲವೇ ಕರಾಚಿಗೆ ಹೋಗಿತ್ತು ಎಂದು ಪ್ರವಾಸಿಗರು ಹೇಳಿಕೊಳ್ಳುವುದುಂಟು. ಅದು ಸೇವೆಗೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದದ್ದು ಅದರ ಅಕ್ಕಂದಿರು.) ಆದರೆ 1973ರ ಅಕ್ಟೋಬರಿನಲ್ಲಿ ಸಿರಿಯದ ಲಟಾಕಿಯ ಬಂದರಿನೆದುರು ಇದೇ ಸ್ಟಿಕ್ಸ್ ಹಾರಿ ಬಂದಾಗ ಇಸ್ರೇಲಿನ ದೋಣಿಗಳು ಸುಳ್ಳು ಅಲೆ ಮತ್ತು ಹೊಟ್ಟು ತೂರುವ ಉಪಾಯ ಹೂಡಿದವು. ಒಂದು ಕ್ಷಿಪಣಿಯೂ ತಾಗಲಿಲ್ಲ. ಆರು ವರ್ಷದಲ್ಲಿ ರೋಗಕ್ಕೆ ಮದ್ದು ಸಿಕ್ಕಿತ್ತು.

ಅಮೆರಿಕದ ನೌಕಾಪಡೆ ಎಚ್ಚೆತ್ತು ಮಾಡಿಸಿಕೊಂಡ ಮದ್ದಿನ ಹೆಸರು ಎಸ್‌ಎಲ್‌ಕ್ಯು-32. ನಾವಿಕರ ಬಾಯಲ್ಲಿ ಸ್ಲಿಕ್ 32. ಸಣ್ಣ ಹಡಗಿಗೂ ಕೊಳ್ಳಲು ಸಾಧ್ಯವಾಗುವ ಬೆಲೆಯಲ್ಲಿ ಇರಬೇಕೆಂಬ ಷರತ್ತಿನ ಮೇಲೆ ರೇಥಿಯಾನ್ ಕಂಪೆನಿ ರೂಪಿಸಿದ ಈ ಉಪಕರಣ 1970ರ ದಶಕದ ಕೊನೆಯಿಂದ ಹಡಗುಗಳನ್ನು ಏರತೊಡಗಿತು. ಹಡಗಿನ ಮೇಲ್ಕಟ್ಟಡದ ಎಡಬಲಗಳಲ್ಲಿ ಒಂದೊಂದು ಪೆಟ್ಟಿಗೆ. ಒಂದು ಪೆಟ್ಟಿಗೆ ಅರ್ಧ ದಿಗಂತವನ್ನು ಆಲಿಸುತ್ತದೆ, ಇನ್ನೊಂದು ಉಳಿದರ್ಧವನ್ನು. ಕೆಳಗಿನ ಕತ್ತಲ ಕೋಣೆಯಲ್ಲಿ ಪರದೆಯ ಮುಂದೆ ಒಬ್ಬ ನಾವಿಕ, ಹಗಲಿರುಳು ಪಾಳಿಯ ಮೇಲೆ.

ಸ್ಟಾರ್ಕ್ ಹಡಗಿನ ಇರುಳು

1987ರ ಮೇ 17. ಪರ್ಷಿಯನ್ ಕೊಲ್ಲಿಯಲ್ಲಿ ಕಾವಲಿಗಿದ್ದ ಅಮೆರಿಕದ ಸ್ಟಾರ್ಕ್ ಎಂಬ ನೌಕೆಗೆ ಇರಾಕಿನ ಯುದ್ಧವಿಮಾನ ಹಾರಿಸಿದ ಎರಡು ಎಕ್ಸೊಸೆಟ್ ಕ್ಷಿಪಣಿಗಳು ಬಡಿದವು. ಮೊದಲನೆಯದು ಸಿಡಿಯಲಿಲ್ಲ, ಆದರೆ ಅದರೊಳಗಿನ ಇಂಧನ ಉರಿದು ಹಡಗಿಗೆ ಬೆಂಕಿ ಹಚ್ಚಿತು. ಎರಡನೆಯದು ಸಿಡಿಯಿತು. 37 ನಾವಿಕರು ಸತ್ತರು. ಹಡಗಿನ ಮೇಲೆ ಎಸ್‌ಎಲ್‌ಕ್ಯು-32 ಇತ್ತು. ಆದರೂ ಕ್ಷಿಪಣಿ ಬರುತ್ತಿರುವುದು ಗೊತ್ತಾದದ್ದು ಕಾವಲಿನವನ ಬರಿಗಣ್ಣಿಗೆ, ಅದೂ ಕೊನೆಯ ಕ್ಷಣಗಳಲ್ಲಿ. ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಂದ ಸಂಗತಿಗಳಲ್ಲಿ ಒಂದು, ಪದೇ ಪದೇ ಕೂಗುತ್ತಿದ್ದ ಉಪಕರಣದ ಎಚ್ಚರಿಕೆಯ ಸದ್ದನ್ನು ಮೊದಲೇ ನಿಲ್ಲಿಸಿಡಲಾಗಿತ್ತು ಎಂಬುದು. ಹೊಣೆಯ ಬಹುಪಾಲು ಹಡಗಿನ ಅಧಿಕಾರಿಗಳ ತಲೆಗೆ ಬಂತು.

ಐದು ವರ್ಷ ಹಿಂದೆ, 1982ರ ಮೇ 4ರಂದು, ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ನೌಕೆಗೆ ಹೀಗೆಯೇ ಎಕ್ಸೊಸೆಟ್ ಬಡಿದು 20 ಮಂದಿ ಸತ್ತಿದ್ದರು. ಆ ಹೊತ್ತಿಗೆ ಹಡಗು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು. ತನ್ನದೇ ಮಾತಿನ ಗದ್ದಲದಲ್ಲಿ ಅದರ ಕಿವಿ ಮುಚ್ಚಿಹೋಗಿತ್ತು.

ಸ್ಟಾರ್ಕ್ ದುರಂತದ ನಂತರ ಅಂಥ ನೌಕೆಗಳಿಗೆ ಕ್ಷಿಪಣಿಯ ಕಣ್ಣು ಕಟ್ಟುವ ಹೆಚ್ಚುವರಿ ಉಪಕರಣ ಜೋಡಿಸಿದರು. ಹೆಸರು ಸೈಡ್‌ಕಿಕ್. ಅಷ್ಟರಲ್ಲಿ ಸಣ್ಣ ಹಡಗಿನಿಂದ ವಿಮಾನವಾಹಕದವರೆಗೆ ಎಸ್‌ಎಲ್‌ಕ್ಯು-32ರ ಬೇರೆ ಬೇರೆ ಮಾದರಿಗಳು ಬಂದಿದ್ದವು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೊಸ ಉಪಕರಣ ಬಂದ ದಿನ ಮತ್ತು ಹಡಗಿಗೆ ಪೆಟ್ಟು ಬಿದ್ದ ದಿನ. ಇವೆರಡರ ನಡುವೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆ ಪೆಟ್ಟಿಗೆಯನ್ನು ಜೀವಂತ ಇಟ್ಟವರ ಕತೆ ಯಾರಿಗೂ ಬೇಡ. ಕ್ರೇನ್ ಹೆಸರು ಜನಕ್ಕೆ ತಿಳಿಯದಿರುವುದಕ್ಕೆ ಕಾರಣವೂ ಇದೇ ಇರಬೇಕು.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಉಪ್ಪುಗಾಳಿ, ತೇವ, ಎಡೆಬಿಡದ ಅದುರು. ಎಲೆಕ್ಟ್ರಾನಿಕ್ ಯಂತ್ರಕ್ಕೆ ಸಮುದ್ರಕ್ಕಿಂತ ಕೆಟ್ಟ ಮನೆ ಬೇರೊಂದಿಲ್ಲ. ಕನೆಕ್ಟರ್ ಕಿಲುಬು ಹಿಡಿಯುತ್ತದೆ, ಸೀಲ್ ಬಿರಿಯುತ್ತದೆ, ವಿದ್ಯುತ್ ಸರಬರಾಜಿನ ಭಾಗ ಸುಡುತ್ತದೆ. ಹಡಗಿನಲ್ಲಿ ಕೂತು ಒಂದೊಂದು ಚಿಪ್ ಬಿಚ್ಚಿ ರಿಪೇರಿ ಮಾಡುವಂತಿಲ್ಲ. ದೋಷವಿರುವ ಕಾರ್ಡನ್ನು ಪತ್ತೆಮಾಡಿ, ಅದನ್ನು ಎಳೆದುಹಾಕಿ, ಉಗ್ರಾಣದಿಂದ ಇನ್ನೊಂದು ತಂದು ತುರುಕುತ್ತಾರೆ. ಕೆಟ್ಟದ್ದು ದಡದ ಕಾರ್ಯಾಗಾರಕ್ಕೆ. ಯಾವ ಹಡಗು ಯಾವ ಭಾಗವನ್ನು ಎಷ್ಟು ಹೊತ್ತೊಯ್ಯಬೇಕು ಎಂಬುದಕ್ಕೆ ದೊಡ್ಡ ಪಟ್ಟಿಯೇ ಇದೆ. ಪಟ್ಟಿಯ ಪ್ರತಿ ವಸ್ತುವಿಗೂ ಹದಿಮೂರು ಅಂಕಿಗಳ ಸಂಖ್ಯೆ. ಉಗ್ರಾಣದಲ್ಲಿ ಭಾಗ ಇಲ್ಲದೆ ಯಂತ್ರ ನಿಂತಿತೆಂದರೆ ಹಡಗಿನಿಂದ ಕ್ಯಾಷುವಾಲ್ಟಿ ರಿಪೋರ್ಟ್ ಹೋಗುತ್ತದೆ. ಯುದ್ಧದಲ್ಲಿ ಗಾಯಗೊಂಡ ಸೈನಿಕನಿಗೆ ಬಳಸುವ ಪದವನ್ನೇ ಕೆಟ್ಟ ಯಂತ್ರಕ್ಕೂ ಬಳಸಿದ್ದಾರೆ. ಅತಿಶಯವೇನಲ್ಲ.

ಕ್ರೇನ್‌ನವರ ಹಳೆಯ ಕಸುಬಾದ ಮೈಕ್ರೋವೇವ್ ಟ್ಯೂಬನ್ನೇ ತೆಗೆದುಕೊಳ್ಳೋಣ. ಸುಳ್ಳು ಅಲೆ ಕಳಿಸುವ ಉಪಕರಣಕ್ಕೆ ದುರ್ಬಲ ಸಂಕೇತವನ್ನು ಸಾವಿರಾರು ಪಟ್ಟು ಬಲಗೊಳಿಸುವ ಭಾಗ ಬೇಕು. ಆ ಕೆಲಸ ಮಾಡುವುದು ಟ್ರಾವೆಲಿಂಗ್ ವೇವ್ ಟ್ಯೂಬ್. ಗಾಳಿ ತೆಗೆದ ಕೊಳವೆ, ಒಂದು ತುದಿಯಲ್ಲಿ ಕಾದು ಎಲೆಕ್ಟ್ರಾನ್ ಉಗುಳುವ ಕ್ಯಾಥೋಡ್, ನಡುವೆ ಬಾಲ್‌ಪೆನ್ನಿನ ಸ್ಪ್ರಿಂಗಿನ ಹಾಗೆ ಸುತ್ತಿದ ತೆಳು ತಂತಿ, ಸಾವಿರಾರು ವೋಲ್ಟ್ ವಿದ್ಯುತ್. ಸ್ಪ್ರಿಂಗಿನ ಸುತ್ತುಗಳಲ್ಲಿ ಬಳಸಿಕೊಂಡು ಹೋಗುವ ಅಲೆ ನಿಧಾನವಾಗುತ್ತದೆ, ಒಳಗೆ ನೇರ ಓಡುವ ಎಲೆಕ್ಟ್ರಾನುಗಳ ಜತೆ ಹೆಜ್ಜೆ ಹಾಕುತ್ತದೆ, ಹಾಗೆ ಹಾಕುತ್ತ ಅವುಗಳ ಶಕ್ತಿಯನ್ನು ಹೀರಿ ಕೊಬ್ಬುತ್ತದೆ. ಇದನ್ನು ಕಂಡುಹಿಡಿದ ರುಡಾಲ್ಫ್ ಕಾಂಫ್ನರ್ ಕಲಿತದ್ದು ಏನು ಗೊತ್ತೇ? ಕಟ್ಟಡ ವಿನ್ಯಾಸ! ವಿಯೆನ್ನಾದಲ್ಲಿ ವಾಸ್ತುಶಿಲ್ಪ ಓದಿ ಬ್ರಿಟನ್ನಿಗೆ ಬಂದ ಆತನನ್ನು ಯುದ್ಧ ಶುರುವಾದಾಗ ಪರದೇಶಿ ಎಂದು ಕೆಲಕಾಲ ಕೂಡಿಹಾಕಿದ್ದರು. ಬಿಡುಗಡೆಯಾದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ನೌಕಾ ಇಲಾಖೆಗಾಗಿ ದುಡಿಯುತ್ತ ಈ ಟ್ಯೂಬನ್ನು ರೂಪಿಸಿದ. ಮಗ ಒಂದು ಕೋರ್ಸಿಗೆ ಸೇರಿದ ಮೇಲೆ ಅದೇ ಅವನ ಹಣೆಬರಹ ಎಂದು ಕೊರಗುವ ತಂದೆತಾಯಿಗಳಿಗೆ ಕಾಂಫ್ನರ್ ಕತೆ ಸ್ವಲ್ಪ ಸಮಾಧಾನ ತರಬಹುದು.

ಇಂಥ ಟ್ಯೂಬಿಗೆ ಒಂದು ಕೆಟ್ಟ ಚಾಳಿಯಿದೆ. ಬಳಸಿದರೆ ಕ್ಯಾಥೋಡ್ ಸವೆಯುತ್ತದೆ. ಸರಿ, ಬಳಸದೆ ಕಪಾಟಿನಲ್ಲಿಟ್ಟರೆ? ಒಳಗಿನ ಲೋಹದಿಂದಲೇ ಕಣಕಣವಾಗಿ ಅನಿಲ ಹೊರಟು ನಿರ್ವಾತ ಕೆಡುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಹೊಚ್ಚಹೊಸ ಟ್ಯೂಬಿಗೆ ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಒಳಗೇ ಕಿಡಿ ಹಾರಿ ಸಾಯಬಹುದು. ಆದ್ದರಿಂದ ಉಗ್ರಾಣದಲ್ಲಿರುವ ಟ್ಯೂಬುಗಳನ್ನೂ ಆಗಾಗ ಎಬ್ಬಿಸಿ, ನಿಧಾನಕ್ಕೆ ಕಾಯಿಸಿ, ಮೆಲ್ಲಗೆ ವೋಲ್ಟೇಜ್ ಏರಿಸಿ ಹದಕ್ಕೆ ತರಬೇಕು. ಎಸ್‌ಎಲ್‌ಕ್ಯು-32ರ ದೊಡ್ಡ ಮಾದರಿಗಳಲ್ಲಿ ಒಂದು ಭಾರಿ ಟ್ಯೂಬಿನ ಬದಲು ಸಣ್ಣ ಟ್ಯೂಬುಗಳ ಸಾಲನ್ನೇ ಇಟ್ಟದ್ದರಲ್ಲಿ ಜಾಣತನವಿದೆ. ಒಂದೆರಡು ಸತ್ತರೂ ಉಳಿದವು ಕೆಲಸ ನಡೆಸುತ್ತವೆ. ನಮ್ಮಲ್ಲಿ ಇಂಥ ಟ್ಯೂಬುಗಳ ಸಂಶೋಧನೆಗೆಂದೇ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯವೊಂದಿದೆ. ಅದು ಇರುವುದು ಬೆಂಗಳೂರಿನ ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಆವರಣದಲ್ಲಿ. ಜಾಲಹಳ್ಳಿಯ ಬಸ್ಸು ಹತ್ತುವ ಎಷ್ಟೋ ಮಂದಿಗೆ ಇದು ಗೊತ್ತಿರಲಾರದು.

ಟ್ಯೂಬಿಗಿಂತ ದೊಡ್ಡ ತಲೆನೋವು ಚಿಪ್ಪಿನದು. ಇಪ್ಪತ್ತು ವರ್ಷ ಹಳೆಯ ಟೇಪ್‌ರೆಕಾರ್ಡರಿನ ಐ.ಸಿ. ಹುಡುಕಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದವರಿಗೆ ಇದರ ಸಂಕಟ ಗೊತ್ತು. ‘ಆ ನಂಬರ್ ಈಗ ಬರೋದಿಲ್ಲ ಸಾರ್’ ಎಂಬ ಉತ್ತರವನ್ನೇ ಅಮೆರಿಕದ ನೌಕಾಪಡೆಯೂ ಕೇಳಬೇಕಾಯಿತು. 1960ರ ದಶಕದಲ್ಲಿ ಚಿಪ್ ತಯಾರಕರಿಗೆ ಕ್ಷಿಪಣಿ ಮತ್ತು ಚಂದ್ರಯಾನದ ಯೋಜನೆಗಳೇ ದೊಡ್ಡ ಗಿರಾಕಿ. ಆಮೇಲೆ ಕ್ಯಾಲ್ಕುಲೇಟರ್ ಬಂತು, ಮನೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಸೇನೆಯ ಪಾಲು ಅದರೆದುರು ಸಾಸಿವೆ ಕಾಳಾಯಿತು. 1994ರಲ್ಲಿ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ಅವರೇ, ಸೇನೆಗೆಂದು ಪ್ರತ್ಯೇಕ ನಿಯಮ ಹೇರುವುದನ್ನು ಬಿಟ್ಟು ಸಾಧ್ಯವಾದೆಡೆಯೆಲ್ಲ ಮಾರುಕಟ್ಟೆಯಲ್ಲಿ ಸಿಗುವುದನ್ನೇ ಕೊಳ್ಳಿ ಎಂದು ಆದೇಶಿಸಿದರು. ಬೆಲೆ ಇಳಿಯಿತು, ನಿಜ. ಆದರೆ ಮಾರುಕಟ್ಟೆಯ ಚಿಪ್ಪಿಗೆ ಕೆಲವೇ ವರ್ಷ ಆಯುಸ್ಸು, ಹಡಗಿಗೆ ಮೂವತ್ತು ನಲವತ್ತು. ತಯಾರಿಕೆ ನಿಲ್ಲಿಸುವ ಮುನ್ನ ಕಂಪೆನಿ ಕೊನೆಯ ಕರೆ ಕೊಡುತ್ತದೆ, ಬೇಕಾದವರು ಜೀವಮಾನಕ್ಕಾಗುವಷ್ಟು ಕೊಂಡಿಟ್ಟುಕೊಳ್ಳಿ ಎಂದು. ಎಷ್ಟು ಕೊಳ್ಳುವುದು? ಕಡಿಮೆ ಕೊಂಡರೆ ಮುಂದೆ ಹಡಗು ಕುರುಡು. ಹೆಚ್ಚು ಕೊಂಡರೆ ಹಣ ಕಪಾಟಿನಲ್ಲಿ. ಉಪ್ಪಿನಕಾಯಿಗೆ ವರ್ಷದ ಮಾವಿನಮಿಡಿ ಅಂದಾಜು ಮಾಡುವ ಗೃಹಿಣಿಯ ಲೆಕ್ಕ ಇದಕ್ಕಿಂತ ಎಷ್ಟೋ ಸುಲಭ.

ಮಾಲು ಸಿಗದ ಕಡೆ ನಕಲಿ ಹುಟ್ಟಿಕೊಳ್ಳುತ್ತದೆ. ಅಮೆರಿಕದ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿ 2012ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2009 ಮತ್ತು 2010ರಲ್ಲಿ ಸೇನೆಯ ಸರಬರಾಜಿನೊಳಗೆ ನಕಲಿಯೆಂದು ಅನುಮಾನವಿರುವ ಬಿಡಿಭಾಗಗಳು ನುಸುಳಿದ ಪ್ರಕರಣಗಳು ಸುಮಾರು 1,800. ಬಿಡಿಭಾಗಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು! ಎಸೆದ ಕಂಪ್ಯೂಟರುಗಳ ಬೋರ್ಡನ್ನು ಬೆಂಕಿಯ ಮೇಲೆ ಹಿಡಿದು ಚಿಪ್ ಉದುರಿಸಿ, ತೊಳೆದು, ಮೇಲಿನ ಬರಹವನ್ನು ಉಜ್ಜಿ ಅಳಿಸಿ, ಕಪ್ಪು ಬಣ್ಣ ಬಳಿದು, ಬೇಕಾದ ನಂಬರ್ ಮುದ್ರಿಸಿದರೆ ಆಯಿತು. ನೋಡಲು ಹೊಸದು. ಹಚ್ಚಿದರೆ ಕೆಲಸವನ್ನೂ ಮಾಡೀತು, ನಾಲ್ಕು ದಿನ. ಐದನೆಯ ದಿನ ಕ್ಷಿಪಣಿ ಬಂದರೆ? ಆದ್ದರಿಂದ ಬಿಡಿಭಾಗ ಪರೀಕ್ಷಿಸುವವರ ಮೇಜಿಗೆ ಹೊಸ ಕೆಲಸ ಬಂತು. ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಬಣ್ಣ ಬಿಡುತ್ತದೆಯೇ ನೋಡುವುದು, ಎಕ್ಸ್‌ರೇ ಹಿಡಿದು ಒಳಗಿನ ತಂತಿಗಳನ್ನು ಎಣಿಸುವುದು, ಒಂದನ್ನು ಬಲಿಕೊಟ್ಟು ಮುಚ್ಚಳ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಒಳಗಿನ ತುಣುಕಿನ ಗುರುತು ಓದುವುದು. ತಾಳ್ಮೆ ಬೇಡುವ ಕೆಲಸ. ಹೆಸರು ತರುವ ಕೆಲಸವಲ್ಲ.

ಪೂರ್ತಿ ಹೊಸ ಉಪಕರಣವನ್ನೇ ತರಬಾರದೇ ಎಂದು ಕೇಳಬಹುದು. ತರಲು ಹೊರಟದ್ದೂ ಉಂಟು. ಖರ್ಚು ಏರಿ, ತೊಡಕು ಬೆಳೆದು 2002ರಲ್ಲಿ ಆ ಯೋಜನೆ ರದ್ದಾಯಿತು. ಬದಲಿಗೆ ಹಳೆಯ ಎಸ್‌ಎಲ್‌ಕ್ಯು-32ನ್ನೇ ಕಂತುಕಂತಾಗಿ ಬದಲಿಸುವ ದಾರಿ ಹಿಡಿದರು. ಮೊದಲ ಕಂತಿನಲ್ಲಿ ಬಿಡಿಭಾಗ ಸಿಗದ ಪರದೆ, ಕಂಪ್ಯೂಟರುಗಳಿಗೆ ಮುಕ್ತಿ. ಎರಡನೆಯದರಲ್ಲಿ ಹೊಸ ಕಿವಿ, ಅಂದರೆ ಆಲಿಸುವ ಆಂಟೆನಾ ಮತ್ತು ರಿಸೀವರ್. 2009ರಲ್ಲಿ ಅದು ಲಾಕ್‌ಹೀಡ್ ಮಾರ್ಟಿನ್ ಕಂಪೆನಿಯ ಪಾಲಾಯಿತು. ಮೂರನೆಯದು ಸುಳ್ಳು ಅಲೆ ಕಳಿಸುವ ಭಾಗ, 2015ರಲ್ಲಿ ನಾರ್‌ಥ್ರಾಪ್ ಗ್ರಮ್ಮನ್ ಕಂಪೆನಿಗೆ. ಹಳೆಯ ಟ್ಯೂಬುಗಳ ಜಾಗದಲ್ಲಿ ಅರೆವಾಹಕಗಳು. ಇದನ್ನು ಮೊದಲು ಹೊತ್ತ ಪಿಂಕ್ನೆ ಎಂಬ ವಿಧ್ವಂಸಕ ನೌಕೆ 2023ರಲ್ಲಿ ಹೊರಬಂದಾಗ ಎರಡು ಪಕ್ಕಗಳಲ್ಲೂ ದೊಡ್ಡ ಉಬ್ಬು ಕಾಣುತ್ತಿತ್ತು. ಒಳಗೆ ಹಳೆಯದು ಏನು ಉಳಿದಿದೆಯೋ, ಹೆಸರು ಮಾತ್ರ ಅದೇ, ಎಸ್‌ಎಲ್‌ಕ್ಯು-32.

ಕಾಪಾಡಿದ್ದಕ್ಕೆ ಫಲ ಇಲ್ಲದೆ ಇಲ್ಲ. 2016ರ ಅಕ್ಟೋಬರಿನಲ್ಲಿ ಯೆಮೆನ್ ಕರಾವಳಿಯಾಚೆ ಮೇಸನ್ ಎಂಬ ನೌಕೆಯತ್ತ ಕ್ಷಿಪಣಿಗಳು ಹಾರಿ ಬಂದವು. ಅದು ಎದುರು ಕ್ಷಿಪಣಿ ಹಾರಿಸಿತು, ಗಾಳಿಯಲ್ಲಿ ನಿಂತು ತಾನೇ ಹಡಗೆಂದು ನಟಿಸುವ ನುಲ್ಕಾ ಎಂಬ ಹುಸಿಗುರಿಯನ್ನೂ ಬಿಟ್ಟಿತು. ಹಡಗಿಗೆ ಏನೂ ಆಗಲಿಲ್ಲ. ಒಬ್ಬರೂ ಸಾಯಲಿಲ್ಲವಾದ್ದರಿಂದ ಸುದ್ದಿ ಎರಡು ದಿನದಲ್ಲಿ ಮರೆಯಾಯಿತು.

ಓಕ್ ಮರದ ತೋಪು

ಕ್ರೇನ್‌ನಲ್ಲಿ ಕಾಪಾಡುವ ಬಿಡಿಭಾಗಗಳಲ್ಲಿ ಒಂದಕ್ಕೆ ತಂತಿಯಿಲ್ಲ, ಬೆಸುಗೆಯಿಲ್ಲ. ಅದು ಬೇರು ಬಿಟ್ಟು ನಿಂತಿದೆ.

ಬಾಸ್ಟನ್ ನಗರದ ಬಂದರಿನಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಮರದ ಹಾಯಿಹಡಗು ಇದೆ. ನೀರಿಗಿಳಿದದ್ದು 1797ರ ಅಕ್ಟೋಬರ್ 21ರಂದು. (ಐಲಾತ್ ಮುಳುಗಿದ್ದು ಸರಿಯಾಗಿ 170 ವರ್ಷದ ಬಳಿಕ, ಅದೇ ತಾರೀಖಿಗೆ.) 1812ರ ಕದನವೊಂದರಲ್ಲಿ ಬ್ರಿಟಿಷ್ ನೌಕೆಯ ಗುಂಡುಗಳು ಇದರ ಮೈಗೆ ಬಡಿದು ಪುಟಿದದ್ದನ್ನು ಕಂಡು ನಾವಿಕರು ಇದಕ್ಕೆ ‘ಕಬ್ಬಿಣದ ಪಕ್ಕೆಯ ಮುದುಕ’ ಎಂಬರ್ಥದ ಅಡ್ಡಹೆಸರಿಟ್ಟರು. ಇಂದಿಗೂ ಇದು ಅಮೆರಿಕ ನೌಕಾಪಡೆಯ ಪಟ್ಟಿಯಲ್ಲಿರುವ ಹಡಗು, ನಾವಿಕರೂ ಇದ್ದಾರೆ. ಮೂಲದ ಮರ ಉಳಿದಿರುವುದು ಅಲ್ಪ ಭಾಗ ಮಾತ್ರ. ನಮ್ಮೂರ ದೇವರ ತೇರಿನ ಹಾಗೆ. ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಹಲಗೆ ಬದಲಾಗಿದೆ. ಆದರೂ ಅಜ್ಜ ಎಳೆದ ತೇರು ಅದೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

1970ರ ದಶಕದಲ್ಲಿ ಅದರ ರಿಪೇರಿಗೆ ಉದ್ದನೆಯ, ನೇರವಾದ, ಗಂಟಿಲ್ಲದ ಬಿಳಿ ಓಕ್ ದಿಮ್ಮಿಗಳು ಬೇಕಾದವು. ಅಂಥ ಮರ ಪೇಟೆಯಲ್ಲಿ ಸಿಗುವುದು ಕಷ್ಟವಾಗಿತ್ತು. ಸಿಕ್ಕಿದ್ದು ಕ್ರೇನ್‌ನ ಬೇಲಿಯೊಳಗಿನ ಕಾಡಿನಲ್ಲಿ! ಮದ್ದುಗುಂಡಿನ ಭಯಕ್ಕೆ ಮನುಷ್ಯ ಸುಳಿಯದ್ದರಿಂದ ಅಲ್ಲಿ ಮರಗಳು ನೆಮ್ಮದಿಯಾಗಿ ಬೆಳೆದಿದ್ದವು. 1976ರಲ್ಲಿ ಕಾಡಿನ ಒಂದು ಭಾಗಕ್ಕೆ ಕಾನ್‌ಸ್ಟಿಟ್ಯೂಷನ್ ತೋಪು ಎಂದು ಹೆಸರಿಟ್ಟು ಆ ಹಡಗಿಗಾಗಿಯೇ ಮೀಸಲಿಟ್ಟರು. ನೌಕಾಪಡೆಯ ಅರಣ್ಯಾಧಿಕಾರಿಗಳು ಅದನ್ನು ನೋಡಿಕೊಳ್ಳುತ್ತಾರೆ. ಹಡಗಿಲ್ಲದ ನೆಲೆಯಲ್ಲಿ ನೌಕಾಪಡೆಯ ಅರಣ್ಯಾಧಿಕಾರಿ!

2015ರ ಮೇ ತಿಂಗಳಲ್ಲಿ ಕಾನ್‌ಸ್ಟಿಟ್ಯೂಷನ್ ಬಾಸ್ಟನ್ನಿನ ಒಣಗೋದಿಗೆ ಏರಿದಾಗ ಅದಕ್ಕೆ ಬೇಕಾದ ಹಲಗೆ ಹೋದದ್ದು ಇಲ್ಲಿಂದ. ನೂರು ವರ್ಷ ದಾಟಿದ 35 ಬಿಳಿ ಓಕ್ ಮರಗಳನ್ನು ಆರಿಸಿ ಕಡಿದು, ಲಾರಿಗಳ ಮೇಲೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿಸಿದರು. ಬಾಸ್ಟನ್ನಿನ ಬಡಗಿಗಳು ಅವನ್ನು ಕೊಯ್ದು, ಬಾಗಿಸಿ, ಹಡಗಿನ ಮೈಗೆ ಕೂರಿಸಿದರು. 2017ರ ಜುಲೈನಲ್ಲಿ ಹಡಗು ಮತ್ತೆ ನೀರಿಗಿಳಿಯಿತು. ಇಂಥ ದೊಡ್ಡ ರಿಪೇರಿ ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಮುಂದಿನ ಸರದಿಗೆ ಬೇಕಾದ ಮರಗಳು ಸದ್ಯ ಕ್ರೇನ್‌ನ ಕಾಡಿನಲ್ಲಿ, ಮದ್ದಿನ ಕೋಣೆಗಳ ಆಚೆ, ಬೆಳೆಯುತ್ತಿವೆ.